ಮುಳ್ಳು ಚುಚ್ಚದಿದ್ದರೆ ತಪ್ಪಿಲ್ಲವೇ?

"ನನ್ನ ಮನಸ್ಸಾಕ್ಷಿಗೆ ಏನೂ ಚುಚ್ಚುತ್ತಿಲ್ಲ." ಈ ಮಾತನ್ನು ನೀವೂ ಕೇಳಿದ್ದೀರಿ, ಬಹುಶಃ ಆಡಿಯೂ ಇದ್ದೀರಿ. ತಂದೆಯ ಆಸ್ತಿಯಲ್ಲಿ ತಂಗಿಗೆ ಪಾಲು ಕೊಡದ ಅಣ್ಣ ಹೀಗೆ ಹೇಳುತ್ತಾನೆ. ಮಗನ ಮದುವೆಯಲ್ಲಿ ವರದಕ್ಷಿಣೆ ಎಣಿಸಿಕೊಂಡ ತಂದೆ ಹೇಳುತ್ತಾನೆ. ಜ್ವರ ಬಂದು ಎರಡು ದಿನ ಕೆಲಸಕ್ಕೆ ಬಾರದವಳ ಸಂಬಳವನ್ನು ಲೆಕ್ಕ ಹಾಕಿ ಮುರಿದುಕೊಂಡ ಮನೆಯೊಡತಿಯೂ ಹೇಳುತ್ತಾಳೆ. ಅವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ನಿಜಕ್ಕೂ ಚುಚ್ಚುತ್ತಿಲ್ಲ. ಹಾಗಾದರೆ ಅವರು ನಿರ್ದೋಷಿಗಳೇ? ಪ್ರಿಯ ಓದುಗರೇ, ಈ ವಾರ ನಿಮ್ಮೊಡನೆ ಕುಳಿತು ಯೋಚಿಸಬೇಕೆಂದಿರುವುದು ಈ ಒಂದು ಪ್ರಶ್ನೆಯನ್ನು. ಅದಕ್ಕೆ ಹಿಡಿದಿರುವ ದಾರಿ ಮಾತ್ರ ಸ್ವಲ್ಪ ಬೇರೆ. ಹಳೆಯ ಕಾರಿನ ಸ್ಪೀಡೋಮೀಟರನ್ನು ಬಿಚ್ಚಿ ನೋಡೋಣ.

ಹಾಗೆ ನೋಡಿದರೆ ಇದು ದೂರದ ಹೋಲಿಕೆಯೇನೂ ಅಲ್ಲ. ಗಡಿಯಾರದಲ್ಲಿ ಓಡುವುದು ಮುಳ್ಳು, ತಕ್ಕಡಿಯ ನೆತ್ತಿಯಲ್ಲಿ ಆಡುವುದು ಮುಳ್ಳು, ಕಾರಿನ ಗಾಜಿನ ಹಿಂದೆ ವೇಗ ತೋರಿಸುವುದೂ ಮುಳ್ಳು. ಕಾಲಿಗೆ ಚುಚ್ಚುವುದೂ ಮುಳ್ಳೇ. ಅಳತೆ ತೋರಿಸುವುದಕ್ಕೂ ನೋವು ಕೊಡುವುದಕ್ಕೂ ನಮ್ಮ ಹಿರಿಯರು ಒಂದೇ ಹೆಸರಿಟ್ಟರು.

ತುಮಕೂರಿನಿಂದ ಕೊರಟಗೆರೆ, ಮಧುಗಿರಿಯ ಮೇಲೆ ಪಾವಗಡದ ಕಡೆಗೆ ಹೋಗುವ ಸೀಮೆಯನ್ನು ಬಲ್ಲವರಿಗೆ ಚನ್ನರಾಯನದುರ್ಗದ ಬೆಟ್ಟದ ಕೋಟೆ ಗೊತ್ತಿರುತ್ತದೆ. 18ನೆಯ ಶತಮಾನದಲ್ಲಿ ಮೈಸೂರಿನವರೂ ಮರಾಠರೂ ಅದಕ್ಕಾಗಿ ಬಡಿದಾಡಿದರು. ಈಗ ಬೆಟ್ಟದ ಮೇಲೆ ಗಾಳಿಯದೇ ಸಾಮ್ರಾಜ್ಯ, ಕೆಳಗೆ ಬಯಲಲ್ಲಿ ಧೂಳಿನದು. ಇಂಥ ಊರುಗಳಲ್ಲಿ ಹಿತ್ತಲ ಶೆಡ್ಡಿನೊಳಗೆ ತಾತನ ಕಾಲದ ಅಂಬಾಸಡರ್ ಕಾರೋ ಜೀಪೋ ಎಲ್ಲಾದರೂ ಒಂದು ಇನ್ನೂ ನಿಂತಿರುತ್ತದೆ. ಧರ್ಮಸ್ಥಳದ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಾರುಗಳು ಮಿರಮಿರ ಮಿಂಚುತ್ತಾ ಸಾಲಾಗಿ ನಿಂತಿರುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ನಾನು ಹೇಳುತ್ತಿರುವುದು ಅಂಥ ಭಾಗ್ಯವಂತ ಕಾರುಗಳ ಮಾತಲ್ಲ. ಮದುವೆಗೆ, ಆಸ್ಪತ್ರೆಗೆ, ಕಡಲೆಕಾಯಿ ಚೀಲ ಸಾಗಿಸುವುದಕ್ಕೆ ದುಡಿದು ದುಡಿದು ಹಣ್ಣಾದ ಕಾರು. ಅಂಬಾಸಡರ್ ತಯಾರಿಕೆ 2014ರಲ್ಲೇ ನಿಂತಿತು. ಅಲ್ಲಿಂದೀಚೆಗೆ ಅದರ ಮೀಟರು ಕೆಟ್ಟರೆ ಹೊಸದು ತಂದು ಕೂರಿಸುವುದಕ್ಕಿಂತ ಇದ್ದದ್ದನ್ನೇ ಸರಿಮಾಡಿಕೊಳ್ಳುವುದು ಸುಲಭ.

ಆ ಮೀಟರಿನ ಒಳಗೆ ಏನಿದೆ? 1902ರಲ್ಲಿ ಜರ್ಮನಿಯ ಓಟ್ಟೊ ಶುಲ್ಟ್ಸೆ ಎಂಬಾತ ಪೇಟೆಂಟ್ ಪಡೆದ ತಂತ್ರವೇ ಬಹುಪಾಲು ಹಳೆಯ ಕಾರುಗಳಲ್ಲಿ ಇರುವುದು. ಗೇರ್‌ಬಾಕ್ಸಿನಿಂದ ಒಂದು ಕೇಬಲ್ ಹೊರಟು ಮೀಟರಿಗೆ ಬರುತ್ತದೆ. ಚಕ್ರ ತಿರುಗಿದಂತೆ ಕೇಬಲ್ ತಿರುಗುತ್ತದೆ, ಅದರ ತುದಿಯಲ್ಲಿ ಒಂದು ಅಯಸ್ಕಾಂತ ತಿರುಗುತ್ತದೆ. ಅಯಸ್ಕಾಂತದ ಸುತ್ತ ಅಲ್ಯೂಮಿನಿಯಮ್ಮಿನ ಒಂದು ಪುಟ್ಟ ಬಟ್ಟಲು. ಎರಡೂ ಒಂದನ್ನೊಂದು ಮುಟ್ಟುವುದಿಲ್ಲ. ಆದರೂ ತಿರುಗುವ ಅಯಸ್ಕಾಂತ ಬಟ್ಟಲನ್ನು ತನ್ನ ಜೊತೆ ಎಳೆಯುತ್ತದೆ. ಕೂದಲೆಳೆಯಷ್ಟು ಸಣ್ಣ ಸುರುಳಿ ಸ್ಪ್ರಿಂಗೊಂದು ಅದನ್ನು ಹಿಂದಕ್ಕೆ ಜಗ್ಗುತ್ತದೆ. ಈ ಎರಡು ಎಳೆತಗಳು ಸಮವಾದ ಜಾಗದಲ್ಲಿ ಮುಳ್ಳು ನಿಲ್ಲುತ್ತದೆ. ಕಾರು ನಿಂತಾಗ ಸ್ಪ್ರಿಂಗು ಅದನ್ನು ಸೊನ್ನೆಗೆ ತಂದು ಕೂರಿಸುತ್ತದೆ.

ನೋಡಿ, ಎಷ್ಟು ನವಿರಾದ ವ್ಯವಸ್ಥೆ! ಮುಟ್ಟದೆ ಎಳೆಯುವ ಶಕ್ತಿಯ ಬಲ ಎಷ್ಟಿದ್ದೀತು? ಆದ್ದರಿಂದಲೇ ಮುಳ್ಳಿನ ಅಚ್ಚು ಅಡ್ಡಿಯಿಲ್ಲದೆ ತಿರುಗಬೇಕು. ಹೊಸದರಲ್ಲಿ ಅದಕ್ಕೆ ಹನಿ ಎಣ್ಣೆ ಬಿಟ್ಟಿರುತ್ತಾರೆ. ಮೂವತ್ತು ನಲವತ್ತು ವರ್ಷ ಕಳೆದ ಮೇಲೆ ಆ ಎಣ್ಣೆ ಒಣಗುತ್ತದೆ, ಧೂಳು ಕೂಡಿಕೊಳ್ಳುತ್ತದೆ, ಎರಡೂ ಸೇರಿ ಅಂಟಾಗುತ್ತದೆ. ಮೊದಲು ಮುಳ್ಳು ತಡವಾಗಿ ಏಳುತ್ತದೆ. ಆಮೇಲೆ ಯಾವುದೋ ಒಂದು ಅಂಕಿಯ ಹತ್ತಿರ ನಿಂತುಬಿಡುತ್ತದೆ. ಗಾಜಿನ ಮೇಲೆ ಬೆರಳಿನಿಂದ ಟಕ್ಕೆಂದು ಬಡಿದರೆ ಒಮ್ಮೆ ಅಲುಗಿ ಮತ್ತೆ ಅಲ್ಲೇ. ವಿಶೇಷವೇನೆಂದರೆ, ಮುಳ್ಳು ನಿಂತರೂ ಅದರ ಕೆಳಗಿನ ಕಿಲೋಮೀಟರಿನ ಅಂಕಿಗಳು ಉರುಳುತ್ತಲೇ ಇರುತ್ತವೆ. ಅವಕ್ಕೆ ಕೇಬಲ್ಲಿನಿಂದ ನೇರವಾಗಿ ಹಲ್ಲಿನ ಗಾಲಿಗಳ ಸಂಬಂಧ. ಅಂದರೆ ಚಾಲಕನಿಗೆ ವೇಗ ಕಾಣಿಸದಿದ್ದರೂ ಓಡಿದ ದಾರಿಯ ಲೆಕ್ಕ ಒಂದು ಕಡೆ ಸೇರುತ್ತಲೇ ಹೋಗುತ್ತದೆ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಮುಳ್ಳನ್ನು ನಿಲ್ಲಿಸಿದ್ದು ಹೊರಗಿನ ಕಸವೊಂದೇ ಅಲ್ಲ. ಸರಾಗವಾಗಿ ತಿರುಗಲಿ ಎಂದು ಹಾಕಿದ ಎಣ್ಣೆಯೇ ಅಂಟಾಯಿತು.

ನಮ್ಮ ಕುಟುಂಬಗಳಲ್ಲಿ ಆಗುವುದೂ ಹೆಚ್ಚು ಕಡಿಮೆ ಇದೇ. ಹೆಣ್ಣುಮಕ್ಕಳ ಪಾಲಿನ ವಿಷಯವನ್ನೇ ತೆಗೆದುಕೊಳ್ಳಿ. ಅಣ್ಣ ಜಮೀನು ನೋಡಿಕೊಳ್ಳಲಿ, ವಯಸ್ಸಾದ ಅಪ್ಪ ಅಮ್ಮನನ್ನು ಸಾಕಲಿ, ತಂಗಿಗೆ ಕಷ್ಟ ಬಂದಾಗ ತವರಿನ ಬಾಗಿಲು ತೆರೆದಿರಲಿ ಎಂದು ಒಂದು ಕಾಲದಲ್ಲಿ ಅವಳು ತನ್ನ ಪಾಲನ್ನು ಬಿಟ್ಟುಕೊಡುತ್ತಿದ್ದಳು. ಸಂಬಂಧ ಕಿರುಗುಟ್ಟದೆ ಸಾಗಲಿ ಎಂದು ಹಾಕಿದ ಎಣ್ಣೆ ಅದು. ಈಗ ಅಣ್ಣ ಜಮೀನನ್ನು ಸೈಟು ಮಾಡಿ ಮಾರಿದ್ದಾನೆ, ಅಪ್ಪ ಅಮ್ಮ ತೀರಿಕೊಂಡಿದ್ದಾರೆ, ತವರಿನ ಬಾಗಿಲಿಗೆ ಹೊಸ ಬೀಗ ಬಿದ್ದಿದೆ. ಆದರೂ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವಾಗ "ನಮ್ಮಲ್ಲಿ ಮೊದಲಿನಿಂದ ನಡೆದು ಬಂದದ್ದೇ ಹೀಗೆ" ಎನ್ನುತ್ತಾನೆ, ಒಂದು ಸೀರೆ ಕೊಟ್ಟು ಕಳಿಸುತ್ತಾನೆ. ನಮ್ಮ ಕ್ರೈಸ್ತ ಕುಟುಂಬಗಳಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಲ್ಲಿ, ತಂದೆ ಮರಣಶಾಸನ ಬರೆಯದೆ ತೀರಿಕೊಂಡರೆ, ಮಗ ಮಗಳು ಎಂಬ ಭೇದವಿಲ್ಲ, ಇಬ್ಬರಿಗೂ ಸಮಪಾಲು. ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧವೆಂದು 1961ರ ಕಾಯಿದೆ ಹೇಳಿತು. ಇದು ಗೊತ್ತಿಲ್ಲದವರು ಎಷ್ಟು ಮಂದಿ? ಗೊತ್ತಿದ್ದೂ ಮುಳ್ಳು ಏಳುವುದಿಲ್ಲ. ಭಾನುವಾರ ಬಲಿಪೂಜೆಗೆ ಬರುವಾಗಲೂ ಏಳುವುದಿಲ್ಲ.

ಈಗ ನಮ್ಮ ಪ್ರಶ್ನೆಗೆ ಬರೋಣ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿ ಇದಕ್ಕೆ ನೇರವಾಗಿಯೇ ಉತ್ತರ ಕೊಟ್ಟಿದ್ದಾರೆ. ತಮ್ಮ ಮನಸ್ಸಾಕ್ಷಿ ತಮ್ಮ ಮೇಲೆ ಯಾವ ದೋಷವನ್ನೂ ಹೊರಿಸುತ್ತಿಲ್ಲ, ಆದರೆ ಅಷ್ಟು ಮಾತ್ರದಿಂದ ತಾವು ನಿರ್ದೋಷಿಗಳಾಗುವುದಿಲ್ಲ, ತೀರ್ಪು ಕೊಡುವವರು ಪ್ರಭು ಎಂಬುದು ಅಲ್ಲಿಯ ಭಾವ. ಪೌಲರಂಥವರೇ ಹೀಗೆ ಹೇಳಿದ ಮೇಲೆ ನಾವು ನಮ್ಮ ಮುಳ್ಳಿನ ಮೇಲೆ ಎಷ್ಟು ಭಾರ ಹಾಕಬಹುದು?

ಹಾಗೆಂದು ಮನಸ್ಸಾಕ್ಷಿಯನ್ನು ಲೆಕ್ಕಕ್ಕೆ ಇಡಬಾರದೆಂದಲ್ಲ. ಅದು ಮನುಷ್ಯನ ಅಂತರಾಳದ ಗರ್ಭಗುಡಿ, ಅಲ್ಲಿ ಅವನು ದೇವರೊಡನೆ ಒಬ್ಬನೇ ಇರುತ್ತಾನೆ ಎಂಬ ಅರ್ಥದ ಮಾತನ್ನು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೇಳಿತು. ಅದೇ ಪರಿಚ್ಛೇದದಲ್ಲಿ, ಸತ್ಯವನ್ನು ಹುಡುಕುವ ಶ್ರಮ ತೆಗೆದುಕೊಳ್ಳದವನ ಮನಸ್ಸಾಕ್ಷಿ ಪಾಪದ ಅಭ್ಯಾಸದಿಂದ ಸ್ವಲ್ಪ ಸ್ವಲ್ಪವಾಗಿ ಕುರುಡಾಗುತ್ತದೆ ಎಂದೂ ಎಚ್ಚರಿಸಿತು. ನಾವು ಮೊದಲನೆಯದನ್ನು ನೆನಪಿಟ್ಟುಕೊಂಡು ಎರಡನೆಯದನ್ನು ಮರೆಯುತ್ತೇವೆ. 2019ರಲ್ಲಿ ಸಂತ ಪದವಿಗೇರಿದ ಜಾನ್ ಹೆನ್ರಿ ನ್ಯೂಮನ್ 1875ರಲ್ಲೇ ಈ ರೋಗವನ್ನು ಗುರುತಿಸಿದ್ದರು. ಜನ ಮನಸ್ಸಾಕ್ಷಿಯ ಹಕ್ಕು ಎನ್ನುವಾಗ ಎಷ್ಟೋ ಸಲ ಅದರ ಅರ್ಥ ತಮ್ಮ ಇಷ್ಟದಂತೆ ನಡೆಯುವ ಹಕ್ಕು ಎಂದೇ ಆಗಿರುತ್ತದೆ ಎಂಬುದು ಅವರ ದೂರು.

ಮೂವರು ಚಾಲಕರನ್ನು ಕಲ್ಪಿಸಿಕೊಳ್ಳಿ. ಒಬ್ಬನ ಮುಳ್ಳು ಈ ಬೆಳಿಗ್ಗೆ ತಾನೇ ನಿಂತಿದೆ, ಅವನಿಗಿನ್ನೂ ತಿಳಿದಿಲ್ಲ. ವೇಗ ಮಿತಿ ಮೀರಿದರೆ ಅವನನ್ನು ಯಾರು ಬೈದಾರು? ಇನ್ನೊಬ್ಬನದು ಆರು ತಿಂಗಳಿನಿಂದ ನಿಂತಿದೆ. ದಿನವೂ ನೋಡುತ್ತಾನೆ, ನಾಳೆ ಗ್ಯಾರೇಜಿಗೆ ಬಿಟ್ಟರಾಯಿತು ಎನ್ನುತ್ತಾನೆ. "ನಾನು ಎಷ್ಟು ಜೋರಾಗಿ ಹೋಗುತ್ತಿದ್ದೆ ಎಂದು ನನಗೇ ಗೊತ್ತಿರಲಿಲ್ಲ" ಎಂದು ಅವನು ಹೇಳಿದರೆ ಅದು ನಿಜ, ಆದರೆ ಆ ನಿಜವೇ ಅವನ ಮೇಲಿನ ಆರೋಪ. ಮೂರನೆಯವನು ಕಿಲೋಮೀಟರು ಕಡಿಮೆ ತೋರಿಸಲಿ, ಮಾರುವಾಗ ಒಳ್ಳೆಯ ಬೆಲೆ ಬರಲಿ ಎಂದು ಕೇಬಲ್ಲನ್ನು ತಾನೇ ಕಳಚಿಟ್ಟಿದ್ದಾನೆ. 13ನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ಅಜ್ಞಾನವನ್ನು ತೂಗಿದ್ದು ಹೆಚ್ಚು ಕಡಿಮೆ ಈ ಕ್ರಮದಲ್ಲೇ. ನೀಗಿಕೊಳ್ಳಲಾಗದ ಅಜ್ಞಾನಕ್ಕೆ ದೋಷವಿಲ್ಲ. ಅಲಕ್ಷ್ಯದಿಂದ ಉಳಿಸಿಕೊಂಡ ಅಜ್ಞಾನಕ್ಕೆ ದೋಷವುಂಟು. ಪಾಪ ಮಾಡಲು ಅಡ್ಡಿಯಾಗದಿರಲಿ ಎಂದು ಬೇಕೆಂದೇ ಸಾಕಿಕೊಂಡ ಅಜ್ಞಾನ ಎಲ್ಲಕ್ಕಿಂತ ಕೆಟ್ಟದ್ದು. ತಪ್ಪು ತೋರಿಸುವ ಮನಸ್ಸಾಕ್ಷಿಯನ್ನೂ ನಾವು ಪಾಲಿಸಬೇಕಾಗುತ್ತದೆ, ಏಕೆಂದರೆ ಆ ಗಳಿಗೆಯಲ್ಲಿ ನಮಗಿರುವ ಬೆಳಕು ಅದೊಂದೇ. ಆದರೆ ಅದು ತಪ್ಪಾದದ್ದು ಹೇಗೆ ಎಂಬ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗುವುದಿಲ್ಲ.

ಇನ್ನು ರಿಪೇರಿಯ ವಿಷಯ. ಇದರಲ್ಲಿ ಕಲಿಯುವುದು ಬಹಳ ಇದೆ. ಮೊದಲನೆಯದಾಗಿ, ನಿಂತ ಮುಳ್ಳನ್ನು ಬೆರಳಿನಿಂದ ತಳ್ಳಬಾರದು. ತಳ್ಳಿದರೆ ಸ್ಪ್ರಿಂಗು ಸೊಟ್ಟಗಾಗುತ್ತದೆ, ಮುಳ್ಳು ಆಡಿದರೂ ಅಳತೆ ಹಾಳಾಗಿರುತ್ತದೆ. ಎರಡನೆಯದಾಗಿ, ಹಳೆಯ ಅಂಟಿನ ಮೇಲೆಯೇ ಹೊಸ ಎಣ್ಣೆ ಬಿಡಬಾರದು. ಎರಡು ದಿನ ಆಡಿದಂತೆ ಮಾಡಿ ಮತ್ತೆ ಹಿಡಿದುಕೊಳ್ಳುತ್ತದೆ, ಮೊದಲಿಗಿಂತ ಗಟ್ಟಿಯಾಗಿ. ಸಣ್ಣ ಬ್ರಷ್ಷಿನಲ್ಲಿ ಅಂಟನ್ನು ಕರಗಿಸಿ ತೆಗೆಯಬೇಕು, ಒಣಗಲು ಬಿಡಬೇಕು, ಆಮೇಲೆ ಸೂಜಿಯ ಮೊನೆಯಲ್ಲಿ ನಿಲ್ಲುವಷ್ಟು ಎಣ್ಣೆಯನ್ನು ಅಚ್ಚಿಗೆ ಮಾತ್ರ ಮುಟ್ಟಿಸಬೇಕು. ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕಿ ಅಭ್ಯಾಸವಾದ ಕೈ ಇಲ್ಲಿ ಧಾರಾಳ ಮಾಡಿದರೆ ಕೆಲಸ ಕೆಟ್ಟಿತು. ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ, ಮಾಗಿಯ ಚಳಿಗೆ ಅದೇ ಹೆಪ್ಪುಗಟ್ಟುತ್ತದೆ. ಗಡಿಯಾರದ ಎಣ್ಣೆ ಇದಕ್ಕೆ ತಕ್ಕದ್ದು. ತುಮಕೂರಿನಲ್ಲಿ ಎಚ್.ಎಂ.ಟಿ. ಗಡಿಯಾರ ಕಾರ್ಖಾನೆ ಇದ್ದ ಕಾಲವನ್ನು ಕಂಡವರಿಗೆ, ಸಣ್ಣ ಚಕ್ರಕ್ಕೆ ಎಣ್ಣೆ ಬಿಡುವುದು ಎಷ್ಟು ಲೆಕ್ಕದ ಕೆಲಸವೆಂದು ಹೇಳಬೇಕಾಗಿಲ್ಲ. ಆ ಗಡಿಯಾರದ ಕಂಪನಿಯನ್ನು ಮುಚ್ಚಲು ಸರಕಾರ ತೀರ್ಮಾನಿಸಿದ್ದು 2016ರಲ್ಲಿ. ಕೈಯ ಆ ಹದವೂ ಅದರೊಂದಿಗೆ ಹೋಗದಿರಲಿ.

ಅಂಟಿನ ಮೇಲೆ ಎಣ್ಣೆ ಬಿಡುವುದೆಂದರೆ ಏನೆಂದು ಪಾಪನಿವೇದನೆಗೆ ಹೋಗುವ ನಮಗೆ ಗೊತ್ತಿರಬೇಕು. ತಂಗಿಯ ಪಾಲು ತನ್ನಲ್ಲೇ ಇರುವಾಗ ದೇವಾಲಯಕ್ಕೆ ದೊಡ್ಡ ಮೇಣದ ಬತ್ತಿ ಹಚ್ಚುವುದು, ಹಬ್ಬದ ಖರ್ಚಿಗೆ ಧಾರಾಳವಾಗಿ ಕೊಡುವುದು. ಮನಸ್ಸು ಒಂದೆರಡು ದಿನ ಹಗುರವಾಗುತ್ತದೆ, ನಿಜ.

ಎಣ್ಣೆ ಹೆಚ್ಚಾದರೆ ಆಗುವ ಇನ್ನೊಂದು ಅನಾಹುತದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಅದರಿಂದ ನರಳುವವರು ಸಾಮಾನ್ಯವಾಗಿ ಒಳ್ಳೆಯವರು. ಕೇಬಲ್ಲಿಗೆ ಗ್ರೀಸನ್ನು ತೆಳುವಾಗಿ ಸವರಬೇಕು, ಮೀಟರಿನ ಕಡೆಯ ತುದಿಯನ್ನು ಒಣದಾಗಿಯೇ ಬಿಡಬೇಕು. ತುಂಬಾ ಬಳಿದರೆ ತಿರುಗುವ ಕೇಬಲ್ಲಿನ ಸುತ್ತು ಹಿಡಿದು ಗ್ರೀಸು ಮೇಲೇರಿ ಮೀಟರಿನ ಒಳಗೆ ಸೇರುತ್ತದೆ. ಮುಟ್ಟಬಾರದ ಅಯಸ್ಕಾಂತವೂ ಬಟ್ಟಲೂ ಗ್ರೀಸಿನಿಂದ ಅಂಟಿಕೊಳ್ಳುತ್ತವೆ. ಆಗ ಕಾರು ತೆವಳುತ್ತಿದ್ದರೂ ಮುಳ್ಳು ಹೋಗಿ ಕೊನೆಯ ಅಂಕಿಗೆ ಬಡಿಯುತ್ತದೆ. ಎಲ್ಲದರಲ್ಲೂ ಪಾಪ ಕಾಣುವ, ನಿವೇದಿಸಿ ಹೊರಬಂದ ಕ್ಷಣವೇ ಏನೋ ಬಿಟ್ಟುಹೋಯಿತೆಂದು ಮತ್ತೆ ಸಾಲಿನಲ್ಲಿ ನಿಲ್ಲುವ ಸಂಶಯಗ್ರಸ್ತ ಮನಸ್ಸಾಕ್ಷಿ ಇಂಥದ್ದು. ಇದು ಭಕ್ತಿಯ ಹೆಚ್ಚಳವೆಂದು ಯಾರೂ ಹೊಗಳಬಾರದು. ಸಂತ ಇಗ್ನೇಷಿಯಸ್ ಲೊಯೋಲ 1522ರಲ್ಲಿ ಮನ್ರೇಸದಲ್ಲಿದ್ದಾಗ ಈ ಸಂಕಟದಲ್ಲಿ ಬೆಂದು ಹೋಗಿದ್ದರು. ಪಾಪನಿವೇದನೆ ಕೇಳುವ ಗುರುಗಳಿಗೆ ಪಾಲಕ ಸಂತರೆಂದು 1950ರಲ್ಲಿ ಘೋಷಿತರಾದ ಸಂತ ಅಲ್ಫೋನ್ಸ್ ಲಿಗೋರಿಯವರೂ ಇದರಿಂದ ನರಳಿದವರೇ. ಅನುಭವಿಸಿದವರಾದ್ದರಿಂದ ಅವರು ಕೊಟ್ಟ ಮದ್ದು ಸರಳ: ಒಬ್ಬರೇ ಗುರುಗಳನ್ನು ಆರಿಸಿಕೊಳ್ಳಿ, ಅವರು ಸಾಕೆಂದರೆ ಸಾಕು. ನಿಮ್ಮ ಮನೆಯಲ್ಲಿ ಇಂಥ ಮಗನೋ ಮಗಳೋ ಇದ್ದರೆ ನರಕದ ಮಾತು ಆಡಿ ಇನ್ನಷ್ಟು ಗ್ರೀಸು ಬಳಿಯಬೇಡಿ. ಊಟ ನಿದ್ದೆ ಬಿಡುವಷ್ಟು ಆದರೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಈಗ ಒಂದು ಗಟ್ಟಿ ಪ್ರಸಂಗವನ್ನು ನಿಮ್ಮ ಮುಂದಿಡುತ್ತೇನೆ. ಕೊರಟಗೆರೆಯ ಕಡೆ ಒಬ್ಬರು ತಮ್ಮ ಹಳೆಯ ಕಾರನ್ನು ಮಾರಲು ಇಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ತಣ್ಣನೆಯ ಗೆರೆಯಲ್ಲೇ ಅಂಟಿಕೊಂಡು ವರ್ಷವಾಗಿದೆ. ಕೊಳ್ಳಲು ಬಂದವನು ಬಾಡಿಗೆ ಓಡಿಸಿ ಹೊಟ್ಟೆ ಹೊರೆಯುವ ಹುಡುಗ. "ಅಣ್ಣಾ, ಎಂಜಿನ್ ಬಿಸಿಯಾಗುತ್ತದೆಯೇ?" ಎಂದು ಕೇಳುತ್ತಾನೆ. "ಈ ಮುಳ್ಳು ಮೇಲೇರಿದ್ದನ್ನು ನಾನು ಯಾವತ್ತೂ ನೋಡಿಲ್ಲಪ್ಪಾ" ಎನ್ನುತ್ತಾರೆ ಇವರು. ಒಂದೊಂದು ಅಕ್ಷರವೂ ನಿಜ! ಹುಡುಗ ಹಣ ಕೊಟ್ಟು ಹೋಗುತ್ತಾನೆ. ಏಪ್ರಿಲ್ ತಿಂಗಳ ಮಧ್ಯಾಹ್ನ, ಮಧುಗಿರಿ ದಾಟಿ ಪಾವಗಡದ ದಾರಿಯಲ್ಲಿ ರೇಡಿಯೇಟರಿನ ನೀರು ಕುದಿದು ಖಾಲಿಯಾಗುತ್ತದೆ. ಮುಳ್ಳು ತಣ್ಣಗೇ ತೋರಿಸುತ್ತಿದೆ, ಅವನು ಓಡಿಸುತ್ತಲೇ ಇದ್ದಾನೆ. ಎಂಜಿನ್ನಿನ ಹೆಡ್ಡು ಬಾಗಿ ಕಾರು ಬಯಲಲ್ಲಿ ನಿಲ್ಲುತ್ತದೆ.

ಮಾರಿದವರು ಸುಳ್ಳು ಹೇಳಿದರೇ? ನಾಲಿಗೆಯಲ್ಲಿ ಇಲ್ಲ. ಆದರೆ ಹುಡುಗ ಕೇಳಿದ್ದು ಎಂಜಿನ್ನಿನ ವಿಷಯ, ಇವರು ಹೇಳಿದ್ದು ಮುಳ್ಳಿನ ವಿಷಯ. ಕಣ್ಣಿಗೆ ಕಾಣುವ ದೋಷವನ್ನು, ಬಣ್ಣ ಹೋದದ್ದನ್ನು, ಸೀಟು ಹರಿದದ್ದನ್ನು ಮಾರುವವನು ಬಾಯಿಬಿಟ್ಟು ಹೇಳಬೇಕಾಗಿಲ್ಲ, ಆದರೆ ಕೊಳ್ಳುವವನಿಗೆ ನಷ್ಟವೋ ಅಪಾಯವೋ ತರುವ ಮರೆಯ ದೋಷವನ್ನು ಹೇಳಲೇಬೇಕು ಎಂದು ಅಕ್ವಿನಾಸರು ಸ್ಪಷ್ಟವಾಗಿ ವಿಚಾರ ಮಾಡಿದ್ದಾರೆ. ಗೊತ್ತಿಲ್ಲದೆ ಮಾರಿದ್ದರೆ ಪಾಪವಿಲ್ಲ, ಆದರೆ ಗೊತ್ತಾದ ಮೇಲೆ ನಷ್ಟ ತುಂಬಿಕೊಡಬೇಕು. ಗೊತ್ತಿದ್ದು ಮುಚ್ಚಿಟ್ಟಿದ್ದರೆ ಪಾಪವೂ ಹೌದು, ತುಂಬಿಕೊಡುವ ಹೊಣೆಯೂ ಹೌದು. ನಮ್ಮ ಈ ಮನುಷ್ಯ "ಎಂಜಿನ್ ಬಿಸಿಯಾಗುತ್ತದೋ ಇಲ್ಲವೋ ನನಗೆ ಖಚಿತವಾಗಿ ತಿಳಿದಿರಲಿಲ್ಲ" ಎಂದು ವಾದಿಸಬಹುದು. ಮೆಕ್ಯಾನಿಕ್ ಒಮ್ಮೆ ಬಿಚ್ಚಿ ನೋಡುತ್ತೇನೆ ಎಂದಾಗ ಬೇಡವೆಂದದ್ದು ಯಾಕೆ? ಬಿಚ್ಚಿದರೆ ತಿಳಿದುಬಿಡುತ್ತದೆ ಎಂಬ ಕಾರಣಕ್ಕೆ ತಾನೇ? ಅವರು ನಮ್ಮ ಎರಡನೆಯ ಚಾಲಕನ ಸ್ಥಾನದಿಂದ ಮೂರನೆಯವನ ಕಡೆಗೆ ಬಹಳ ದೂರ ಸರಿದಿದ್ದಾರೆ. ನನ್ನ ಮಟ್ಟಿಗೆ ಅವರು ಹೆಚ್ಚಾಗಿ ಪಡೆದ ಬೆಲೆಯನ್ನೂ ಎಂಜಿನ್ನಿನ ಖರ್ಚನ್ನೂ ಆ ಹುಡುಗನಿಗೆ ಕೊಡಬೇಕು. ಜಪಸರ ಎಷ್ಟು ಹೇಳಿದರೂ ಆ ಲೆಕ್ಕ ತೀರುವುದಿಲ್ಲ.

ದಾವೀದ ಅರಸನ ಕಥೆ ನಿಮಗೆ ಗೊತ್ತು. ಊರೀಯನನ್ನು ಯುದ್ಧದ ಮುಂಚೂಣಿಯಲ್ಲಿ ನಿಲ್ಲಿಸಿ ಕೊಲ್ಲಿಸಿದ, ಅವನ ಹೆಂಡತಿಯನ್ನು ಅರಮನೆಗೆ ತಂದ. ಮಗು ಹುಟ್ಟುವವರೆಗೂ ಅವನಿಗೆ ಏನೂ ಚುಚ್ಚಿದಂತೆ ಕಾಣುವುದಿಲ್ಲ. ಪ್ರವಾದಿ ನಾತಾನ ಬಂದು ಬಡವನ ಒಂದೇ ಒಂದು ಕುರಿಮರಿಯ ಕಥೆ ಹೇಳಿದ. ಬೇರೆಯವನ ಅನ್ಯಾಯವೆಂದು ತಿಳಿದ ಕೂಡಲೇ ಅರಸನ ಮುಳ್ಳು ಸರ್ರನೆ ಎದ್ದಿತು. ಅಂದರೆ ಅದು ಸತ್ತಿರಲಿಲ್ಲ, ಅವನ ಸ್ವಂತ ವಿಷಯದಲ್ಲಿ ಮಾತ್ರ ಅಂಟಿಕೊಂಡಿತ್ತು. ನಿಮ್ಮ ಮಗಳಿಗೆ ಅವಳ ಗಂಡನ ಮನೆಯವರು ನೀವು ನಿಮ್ಮ ಸೊಸೆಗೆ ಮಾಡಿದಂತೆ ಮಾಡಿದರೆ ನಿಮಗೆ ಏನನಿಸುತ್ತದೆ? ನಾತಾನನ ಉಪಾಯ ಅಷ್ಟೇ, ಯಾವ ಮನೆಯಲ್ಲಿ ಬೇಕಾದರೂ ಮಾಡಿ ನೋಡಬಹುದು.

ಮೀಟರು ಜೋಡಿಸಿದ ಮೇಲೆ ಅದು ಸರಿಯಾಗಿ ತೋರಿಸುತ್ತಿದೆಯೇ ಎಂದು ಪರೀಕ್ಷಿಸುವುದು ಅದನ್ನೇ ದಿಟ್ಟಿಸಿ ನೋಡುವುದರಿಂದ ಆಗುವುದಿಲ್ಲ. ಹೊರಗಿನ ಒಂದು ಅಳತೆ ಬೇಕು. ಹೆದ್ದಾರಿಯಲ್ಲಿ ಕಿಲೋಮೀಟರ್ ಕಲ್ಲುಗಳಿವೆ. ಮುಳ್ಳು 60ರಲ್ಲಿ ನಿಂತಿರುವಂತೆ ಒಂದೇ ಸಮನೆ ಓಡಿಸಿದರೆ ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಸರಿಯಾಗಿ 60 ಸೆಕೆಂಡು ಹಿಡಿಯಬೇಕು, 40ರಲ್ಲಿ ಹೋದರೆ 90 ಸೆಕೆಂಡು. ದೇವರ ಹತ್ತು ಕಟ್ಟಳೆಗಳೂ ಶುಭಸಂದೇಶವೂ ಧರ್ಮಸಭೆಯ ಬೋಧನೆಯೂ ನಾವು ನೆಟ್ಟ ಕಲ್ಲುಗಳಲ್ಲ, ನಮ್ಮ ವೇಗಕ್ಕೆ ತಕ್ಕಂತೆ ಅವು ಜರುಗುವುದಿಲ್ಲ. ದಿನದ ಕೊನೆಗೆ ಐದು ನಿಮಿಷ ಆತ್ಮಪರಿಶೀಲನೆ ಮಾಡಿ ಎಂದು ಹಿರಿಯರು ಹೇಳುತ್ತಿದ್ದುದು ಈ ಕಲ್ಲು ಎಣಿಸುವ ಕೆಲಸವನ್ನೇ.

ಒಂದು ಸಣ್ಣ ತೊಂದರೆ ಇದೆ. ಓಡಿಸುವವನೇ ರಸ್ತೆಯನ್ನೂ ಮುಳ್ಳನ್ನೂ ಕೈಗಡಿಯಾರವನ್ನೂ ಒಟ್ಟಿಗೆ ನೋಡುವುದು ಅಪಾಯ. ಪಕ್ಕದ ಸೀಟಿನಲ್ಲಿ ಕುಳಿತವರು ಗಡಿಯಾರ ನೋಡಿ ಹೇಳಬೇಕು. ಮನೆಯಲ್ಲಿ ಆ ಸೀಟಿನಲ್ಲಿ ಇರುವುದು ಹೆಂಡತಿ, ಗಂಡ, ಕೆಲವೊಮ್ಮೆ ಹದಿನಾರು ವರ್ಷದ ಮಗಳು. "ಅಪ್ಪಾ, ಅತ್ತೆಗೆ ಯಾಕೆ ಏನೂ ಕೊಡಲಿಲ್ಲ?" ಎಂದು ಅವಳು ಊಟದ ಹೊತ್ತಿನಲ್ಲಿ ಕೇಳಿದರೆ "ನಿನಗ್ಯಾಕೆ ದೊಡ್ಡವರ ವಿಷಯ" ಎಂದು ಬಾಯಿ ಮುಚ್ಚಿಸುವ ಮೊದಲು ಅವಳು ಓದುತ್ತಿರುವ ಸೆಕೆಂಡುಗಳನ್ನು ಕೇಳಿಸಿಕೊಳ್ಳಿ. ತಂಗಿ ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಇಪ್ಪತ್ತು ವರ್ಷವಾಗಿದ್ದರೂ, ನೋಂದಣಿ ಕಚೇರಿಯಲ್ಲಿ ಎಲ್ಲ ಮುಗಿದಿದ್ದರೂ, ಅವಳಿಗೆ ಸೇರಬೇಕಾದದ್ದನ್ನು ಈಗ ಕೊಡುವುದನ್ನು ಯಾವ ಕಾನೂನೂ ತಡೆಯುವುದಿಲ್ಲ. ಪೂರ್ತಿ ಆಗದಿದ್ದರೆ ಆದಷ್ಟು, ಕಂತಿನಲ್ಲಾದರೂ. ಅವಳ ಮನೆಗೆ ಬಸ್ಸಿನಲ್ಲಿ ಹೋಗಿ ಬರುವ ದೂರವೇ ಇರಬಹುದು.